ಬೋಳುತಲೆಯ ಗುರುತು

"ನಿನ್ನ ಹರಕೆನೇ ಕಣೇ ನನ್ನ ಮಗನ್ನ ನುಂಗಿದ್ದು!"

ಪೇಚ್ಚಿಯಮ್ಮಾಳ್ ಮಲ್ಲಿಗೆಯ ಬುಟ್ಟಿಯನ್ನು ಸೊಸೆಯ ಮುಂದೆ ಕುಕ್ಕಿದಳು. ಶೆಂಬಗಂ ಹೂ ಕಟ್ಟುತ್ತಲೇ ಇದ್ದಳು. ಆರು ವರ್ಷದಿಂದ ದಿನಾ ಕೇಳುವ ಮಾತು ಅದು. ಮಗುವಾಗಲಿ ಎಂದು ಪಳನಿ ಮುರುಗನಿಗೆ ಹರಕೆ ಹೊತ್ತವಳು ಅವಳು, ಮುಡಿ ಕೊಟ್ಟವನು ಗಂಡ ಮುತ್ತುಕರುಪ್ಪನ್. ಬೋಳುತಲೆಗೆ ಗಂಧ ಬಳಿದುಕೊಂಡು ಅವನು ಊರಿಗೆ ಬಂದಿಳಿದ ಸಂಜೆಯೇ ಜವಳಿ ಅಂಗಡಿಯ ಚೆಟ್ಟಿಯಾರರನ್ನು ಯಾರೋ ಇರಿದು ಕೊಂದರು. ಓಡಿಹೋದವನದು ಬೋಳುತಲೆ, ಗಂಧ ಹಚ್ಚಿತ್ತು ಎಂದರು ಅವರ ಹೆಂಡತಿ, ಊರವರೆಲ್ಲ ಆಚ್ಚಿ ಎಂದು ಕರೆಯುವ ವಿಶಾಲಾಕ್ಷಿ. ಅಯ್ಯೋ, ಮುರುಗನ ಪಂಗುನಿ ಉತ್ತಿರ ಹಬ್ಬದ ವಾರ ನಮ್ಮೂರಲ್ಲಿ ತಲೆಯ ಮೇಲೆ ಕೂದಲಿರುವವರನ್ನೇ ಹುಡುಕಬೇಕು! ಆದರೂ ಗುರುತು ಹಿಡಿಯಲೆಂದು ಜೈಲಿನಲ್ಲಿ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದಾಗ ಆಚ್ಚಿ ಸೀದಾ ಬಂದು ಮುತ್ತುಕರುಪ್ಪನ್‌ನನ್ನೇ ತೋರಿಸಿದರು. ಆ ಗುರುತೊಂದರ ಮೇಲೆಯೇ ಜೀವಾವಧಿ ಶಿಕ್ಷೆಯಾಯಿತು.

ಈಗ ಮಧುರೈ ಹೈಕೋರ್ಟಿನಲ್ಲಿ ಮೇಲ್ಮನವಿ. ಅದು ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಹೂ ಕಟ್ಟಿ ಕಟ್ಟಿ ಬೆರಳು ಸವೆಸಿ ಶೆಂಬಗಂ ಹಿಡಿದ ವಕೀಲೆ ಅರುಳ್‌ಮೊಳಿ ಅಂದು ಮನೆಗೇ ಬಂದಿದ್ದಳು. ಹಾಗೆ ಸಾಲಾಗಿ ನಿಲ್ಲಿಸುವ ಮುಂಚೆ ಆಚ್ಚಿ ಅವನನ್ನು ಎಲ್ಲಾದರೂ ನೋಡಿದ್ದರೆ ಆ ಗುರುತಿಗೆ ಬೆಲೆಯೇ ಇಲ್ಲ ಎಂದಳು. ಪೊಲೀಸರು ಮಾತ್ರ ಉದ್ದಕ್ಕೂ ಅವನ ಮುಖ ಮುಚ್ಚಿಯೇ ಇಟ್ಟಿದ್ದೆವು ಎಂದು ಬರೆದಿದ್ದರಂತೆ.

ಪೇಚ್ಚಿಯಮ್ಮಾಳ್ ವಕೀಲೆಯ ಮುಂದೆ ಬಂದು ಕೂತಳು.

"ನೋಡಿದಾರೆ ತಾಯಿ... ನಾನೇ ತೋರಿಸ್ದೆ."

ತೊದಲುತ್ತಾ ಎಲ್ಲವನ್ನೂ ಹೇಳಿದಳು. ಮಗನನ್ನು ಹಿಡಿದ ದಿನ ಠಾಣೆಯ ಜಗಲಿಯಲ್ಲಿ ಆಚ್ಚಿ ಕೂತಿದ್ದರು. ಇವಳು ಮಗನ ಮುಖಕ್ಕೆ ಸುತ್ತಿದ್ದ ಟವೆಲನ್ನು ಕಿತ್ತೆಸೆದು, ರಟ್ಟೆ ಹಿಡಿದು ಎಳೆದೊಯ್ದು, ಇದು ಕೊಲೆ ಮಾಡುವ ಮುಖವೇ ನೋಡಿ ಎಂದು ಅವರ ಕಾಲಿಗೆ ಬಿದ್ದಿದ್ದಳು. ಸಾಕ್ಷಿಯನ್ನು ಕಂಡಿದ್ದೆ ಎಂದರೆ ನೀನೂ ಒಳಗೆ ಹೋಗುತ್ತೀಯ ಎಂದು ಹಳೆಯ ವಕೀಲ ಬಾಯಿ ಮುಚ್ಚಿಸಿದ್ದ. ಆ ಭಯ ಒಂದು ಕಡೆ... ಹೆತ್ತ ಮಗನನ್ನು ತಾನೇ ಬಾವಿಗೆ ನೂಕಿದೆನೇನೋ ಎಂಬ ಅಳುಕು ಇನ್ನೊಂದು ಕಡೆ. ಅದನ್ನು ಹೊರಲಾರದೆ ಸೊಸೆಯ ಹರಕೆಯ ಮೇಲೆ ಹೇರಿದ್ದಳು!

ಶೆಂಬಗಂಗೆ ಮೈಯೆಲ್ಲ ಉರಿಯಿತು. ಆರು ವರ್ಷ! ಆದರೂ ಕೋರ್ಟಿನಲ್ಲಿ ಹೇಳುತ್ತೀರಾ ಎಂದಷ್ಟೇ ಕೇಳಿದಳು.

"ಹೇಳ್ತೀನಿ. ಜೈಲಿಗೆ ಹಾಕಿದ್ರೆ ಹಾಕ್ಲಿ."

ಹೇಳಿಯೇ ಹೇಳಿದಳು. ಅಕ್ಷರ ಬಾರದ ಆ ಮುದುಕಿ ಇಬ್ಬರು ನ್ಯಾಯಾಧೀಶರ ಮುಂದೆ ಒಂದು ಮಾತನ್ನೂ ಮುಚ್ಚಿಡಲಿಲ್ಲ. ಅವರು ಆಚ್ಚಿಯನ್ನೂ ಕರೆಸಿದರು. ಸುಳ್ಳು ಎಂದು ಆಚ್ಚಿ ಒಂದು ಮಾತು ಅಂದರೆ ಮುಗಿಯಿತು! ಆ ವಿಧವೆ ಪೇಚ್ಚಿಯಮ್ಮಾಳನ್ನು ಬಹಳ ಹೊತ್ತು ನೋಡಿದರು.

"ನಿಜ ಅಯ್ಯಾ. ಈಯಮ್ಮ ನನ್ನ ಕಾಲು ಹಿಡಿದಿದ್ರು. ಆಮೇಲೆ ಕಣ್ಣು ಮುಚ್ಚಿದ್ರೂ ಇವರ ಮಗನ ಮುಖಾನೇ. ಆದ್ರೆ ಆ ಸಂಜೆ ನಾನು ನೋಡಿದ್ದು ಬರೀ ತಲೆ..."

ಕೊಂದವನು ಸಿಕ್ಕಿದ ಎಂಬ ಒಂದೇ ಸಮಾಧಾನವನ್ನೂ ಅವರು ತಾವಾಗಿ ಬಿಟ್ಟುಕೊಟ್ಟರು. ಇಂಥವರೂ ಇರುತ್ತಾರೆಯೇ! ಶೆಂಬಗಂ ಮುಗಿದ ಕೈ ಇಳಿಸುವುದನ್ನೇ ಮರೆತಳು.

ಶಿಕ್ಷೆ ರದ್ದಾಗಿ ಅವನ ಬಿಡುಗಡೆಯಾದ ದಿನ ಜೈಲಿನ ಬಾಗಿಲ ಬಳಿ ಪೇಚ್ಚಿಯಮ್ಮಾಳ್ ಹಿಂದೆಯೇ ನಿಂತುಬಿಟ್ಟಳು.

"ನೀನ್ ಹೋಗಮ್ಮ. ಯಾವ ಮುಖ ಇಟ್ಕೊಂಡು ಅವನ ಮುಂದೆ ನಿಲ್ಲಲಿ?"

"ನಂಗೂ ಇನ್ನೂ ಸಿಟ್ಟು ಹೋಗಿಲ್ಲ ಅತ್ತೆ. ಹೋಗೋಕೆ ದಿನ ಬೇಕು. ಆದ್ರೆ ಅವರನ್ನ ಬಿಡಿಸಿದ್ದು ನೀವು. ಬನ್ನಿ."

ಶೆಂಬಗಂ ಅತ್ತೆಯ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.