ಕೂಗದ ಚಾಪೆ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ.

ಪರೀಕ್ಷಾಲಯದ ಬಾಗಿಲು ತಳ್ಳಿಕೊಂಡು ಬಂದವನನ್ನು ಕಂಡು ಅವಳ ಪೆನ್ನು ಅಲ್ಲೇ ನಿಂತಿತು.

ಅವನೇ... ಹದಿನಾಲ್ಕು ತಿಂಗಳ ಮೇಲೆ. ಬಗಲಲ್ಲಿ ಸುರುಳಿ ಸುತ್ತಿದ ಬೂದು ಬಣ್ಣದ ಚಾಪೆ.

ಮರೆವಿನ ಕಾಯಿಲೆಯ ಹಿರಿಯರ ಮಂಚದ ಪಕ್ಕ ಹಾಸುವ ಚಾಪೆ ಅದು. ಅವರು ಎದ್ದು ಕಾಲಿಟ್ಟರೆ ಮನೆಯವರಿಗೆ ಅಲಾರಾಂ ಕೂಗಬೇಕು. ಇಂಥ ಸಾಧನ ಮಾರಾಟಕ್ಕೆ ಹೋಗಬೇಕಾದರೆ ಅವಳ ಸಹಿ ಬೇಕು.

"ಅಲ್ಲಿಡಿ," ಎಂದಳು. "ಈ ಸಲವಾದ್ರೂ ಕೂಗುತ್ತಾ, ಇಲ್ಲ ಇದಕ್ಕೂ ಮಧ್ಯಾಹ್ನದ ನಿದ್ದೆಯಾ?"

ಅವನ ಮುಖ ಬಿಳಿಚಿತು. ಅವಳಿಗೆ ಹಾಯೆನಿಸಿತು.

ಅವನು ಮಾಡಿದ ಹಳೆಯ ಚಾಪೆ ಒಂದು ಕಾಲಕ್ಕೆ ಅವಳ ಅಮ್ಮನ ಮಂಚದ ಪಕ್ಕದಲ್ಲೇ ಇತ್ತು. ಅದನ್ನು ನೋಡಿಹೋಗಲು ಅವನು ವಾರಕ್ಕೊಮ್ಮೆ ಬರುತ್ತಿದ್ದ. ಅಮ್ಮ ಅವನನ್ನು ಅಳಿಯ ಎಂದೇ ತಿಳಿದು, ಕಾಫಿ ಕುಡಿಯದೆ ಎದ್ದರೆ ಗದರುತ್ತಿದ್ದರು. ಅವನು ತಿದ್ದಲಿಲ್ಲ. ಅವಳೂ ತಿದ್ದಲಿಲ್ಲ...

ಒಂದು ಮಧ್ಯಾಹ್ನ ಅಮ್ಮ ಮಂಚದಿಂದಿಳಿದು ಚಾಪೆ ತುಳಿದರು. ಅದು ಕೂಗಲಿಲ್ಲ. ಹಿತ್ತಲ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಗೆ ಬಂದ ಅವನು, ತಪ್ಪು ತನ್ನದು ಎಂದಷ್ಟೇ ಹೇಳಿ ಹೋದ. ಯಾಕೆ ಕೂಗಲಿಲ್ಲವೆಂದು ಕೇಳಲು ಅವಳು ಎಷ್ಟು ಸಲ ಫೋನ್ ಮಾಡಿದರೂ ಉತ್ತರವಿರಲಿಲ್ಲ.

ಈಗ ತಾನಾಗಿಯೇ ಕೈಗೆ ಸಿಕ್ಕಿದ್ದಾನೆ. ಬಿಡ್ತೀನಾ?

ಸುಳ್ಳು ಬರೆಯುವ ಅಗತ್ಯವೇ ಬೀಳಲಿಲ್ಲ, ನಿಯಮಗಳೇ ಸಾಕಿದ್ದವು. ಮೊದಲ ಸಲ, ಲೇಬಲ್ಲಿನ ಅಕ್ಷರ ಎರಡು ಮಿಲಿಮೀಟರ್ ಚಿಕ್ಕದು. ಎರಡನೇ ಸಲ, ವೈರು ಮೂರು ಸೆಂಟಿಮೀಟರ್ ಗಿಡ್ಡ. 'ತಿರಸ್ಕೃತ' ಎಂಬ ಪದವನ್ನು ಅವಳು ಟೈಪ್ ಮಾಡದೆ ಕೈಯಾರೆ ಬರೆದಳು.

ಅವನು ಎರಡು ಸಲವೂ "ಸರಿ ಮೇಡಂ" ಎಂದು ಚಾಪೆ ಸುತ್ತಿಕೊಂಡು ಹೋದ. ಆ 'ಸರಿ'ಗೆ ಅವಳ ಮೈ ಉರಿಯಿತು.

ಪಕ್ಕದ ಮೇಜಿನ ಸಹೋದ್ಯೋಗಿ ತಲೆ ಎತ್ತದೆ ಕೇಳಿದಳು: "ಅಕ್ಕಾ, ಕೋಪ ಚಾಪೆ ಮೇಲಾ, ಹೊತ್ತು ತಂದವರ ಮೇಲಾ?"

ಮೂರನೇ ಸಲ ಅವಳು ಕೊನೆಯ ಅಸ್ತ್ರ ತೆಗೆದಳು. ಹಳೆಯ ಮಾದರಿಯಿಂದ ಯಾರಿಗಾದರೂ ಪೆಟ್ಟಾಗಿದ್ದರೆ ಆ ತನಿಖೆಯ ದಾಖಲೆ ಕೊಡಲೇಬೇಕು.

"ಅದೊಂದು ಬಿಟ್ಟು ಬೇರೇನು ಬೇಕಾದ್ರೂ ಕೇಳಿ," ಎಂದ ಅವನು.

"ಅದೇ ಬೇಕು. ಶುಕ್ರವಾರದೊಳಗೆ ತರದಿದ್ರೆ ಫೈಲ್ ಮುಚ್ತೀನಿ."

ಗೆದ್ದೆ... ಇನ್ನು ಇವನ ಕಥೆ ಮುಗೀತು.

ಶುಕ್ರವಾರ ಅವನು ಲಕೋಟೆಯನ್ನು ಮೇಜಿನ ಮೇಲಿಟ್ಟ. ಅವಳು ಆತುರದಿಂದ ಒಡೆದಳು.

ಮೊದಲ ಹಾಳೆಯಲ್ಲಿ ಚಾಪೆ ಅಳವಡಿಸಿದ ದಿನ ತುಂಬಿದ ಫಾರಂ. ಅವಳದೇ ದುಂಡು ಅಕ್ಷರ. ಅಮ್ಮನ ತೂಕ: 52 ಕೆ.ಜಿ.

ಎರಡನೆಯದರಲ್ಲಿ ಲೆಕ್ಕ. ಮನೆಯ ನಾಯಿ ಹತ್ತಿದರೆ ಕೂಗಬಾರದೆಂದು, ಫಾರಂನಲ್ಲಿ ಬರೆದ ತೂಕದ ಮುಕ್ಕಾಲು ಭಾಗಕ್ಕೆ ಚಾಪೆಯನ್ನು ಹೊಂದಿಸಿದ್ದರು. ಅಂದರೆ 39. ಬಿದ್ದ ದಿನ ಆಸ್ಪತ್ರೆಯಲ್ಲಿ ತೂಗಿದಾಗ ಅಮ್ಮ ಇದ್ದದ್ದು 37.

ಅವಳು ನೆನಪಿನಿಂದ ಬರೆದಿದ್ದಳು, ಕಾಯಿಲೆಗೆ ಮುಂಚಿನ ಅಮ್ಮನ ತೂಕ. ಪರೀಕ್ಷಾಲಯದಲ್ಲಿ ಗ್ರಾಂ ಗ್ರಾಂಗೂ ಲೆಕ್ಕ ಕೇಳುವವಳು ಹೆತ್ತ ತಾಯಿಯನ್ನು ತೂಗಿರಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದಳು.

"ಆವತ್ತು ನನ್ನ ಮೇಲಿನ ಸಿಟ್ಟಿನಿಂದಲೇ ನೀವು ನಿಂತಿದ್ರಿ. ಅದನ್ನೂ ಕಿತ್ಕೊಂಡ್ರೆ..." ಅವನು ತಲೆ ತಗ್ಗಿಸಿದ. "ತಪ್ಪು ನನ್ನದೂ ಹೌದು. ತೂಕದ ಯಂತ್ರ ನನ್ನ ಚೀಲದಲ್ಲೇ ಇತ್ತು. ನಿಮ್ಮ ಜೊತೆ ಮಾತಾಡ್ತಾ ತೂಗೋದನ್ನೇ ಮರೆತೆ."

"ಹದಿನಾಲ್ಕು ತಿಂಗಳು ನಿಮಗೆ ಹಿಡಿ ಶಾಪ ಹಾಕ್ಕೊಂಡು ಬದುಕಿದೀನಿ. ನಾನು ಏನನ್ನ ತಡ್ಕೋಬಲ್ಲೆ ಅಂತ ತೀರ್ಮಾನ ಮಾಡೋಕೆ ನೀವ್ಯಾರು?"

ಹೊಸದರಲ್ಲಿ ಫಾರಂ ಇಲ್ಲ, ಚಾಪೆಯೇ ದಿನಾ ತೂಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ ಎಂದಷ್ಟೇ ಹೇಳಿ ಅವನು ಹೊರಟ.

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಮುಖ್ಯಸ್ಥರಿಗೆ ಪತ್ರ ಬರೆದಳು. ಚಾಪೆ ತಯಾರಿಸಿದವರ ಮೇಲೆ ತನಗೆ ಹಗೆಯಿತ್ತು, ತನ್ನ ಎರಡೂ ತೀರ್ಪುಗಳನ್ನು ಬೇರೆಯವರು ಮರುಪರೀಕ್ಷಿಸಲಿ.

"ಈಗ ಹಗೆ ಇಲ್ವಾ ಅಕ್ಕಾ?" ಎಂದಳು ಸಹೋದ್ಯೋಗಿ.

"ಸ್ವಲ್ಪ ಉಳಿಸ್ಕೊಂಡಿದೀನಿ. ಬೇಕಾಗುತ್ತೆ."

ಐದು ವಾರಗಳ ನಂತರ ಸಹೋದ್ಯೋಗಿಯ ಸಹಿಯೊಂದಿಗೆ ಚಾಪೆ ತೇರ್ಗಡೆಯಾಯಿತು. ಮಾರಾಟಕ್ಕೆ ಬಂದ ಮೊದಲ ಚಾಪೆಯನ್ನು ಅವಳೇ ಕೇಳಿ ತರಿಸಿಕೊಂಡಳು. ಭಾನುವಾರ ಬೆಳಿಗ್ಗೆ ಅವನು ಬಂದು ಅದನ್ನು ಅಮ್ಮನ ಮಂಚದ ಪಕ್ಕ ಹಾಸಿದ. ಅಮ್ಮನಿಗೆ ಜೊಂಪು ಹತ್ತಿದಾಗ ಇಬ್ಬರೂ ಅಡುಗೆಮನೆಗೆ ಬಂದರು.

"ಒಂದು ಷರತ್ತು," ಎಂದಳು ಮೆಲ್ಲಗೆ. "ನನ್ನ ಒಳ್ಳೇದಕ್ಕೆ ಅಂತ ಇನ್ಮೇಲೆ ಏನನ್ನೂ ಮುಚ್ಚಿಡಬಾರದು."

"ಹಾಗಾದ್ರೆ ಇನ್ನೊಂದು ಬಾಕಿ ಇದೆ. ನಂಗೆ ನೀವಂದ್ರೆ ಇಷ್ಟ... ಮೊದಲ ದಿನದಿಂದಲೂ."

"ಅದನ್ನ ಮುಚ್ಚಿಡೋಕೆ ನಿಮ್ಮಿಂದ ಯಾವತ್ತೂ ಆಗಿರಲಿಲ್ಲ," ಎಂದು ಅವಳು ಅವನ ಕೈ ಹಿಡಿದಳು.

ಆಗಲೇ ಅಲಾರಾಂ ಕೂಗಿತು.

ಇಬ್ಬರೂ ಓಡಿದರು. ಅಮ್ಮ ಮಂಚ ಹಿಡಿದು ಚಾಪೆಯ ಮೇಲೆ ನಿಂತಿದ್ದರು. ಒಂದು ಕೈಯನ್ನು ಅವಳು ಹಿಡಿದಳು, ಇನ್ನೊಂದನ್ನು ಅವನು.

"ಏನಾಯ್ತು, ಇಬ್ಬರೂ ಹೀಗೆ ಏದುಸಿರು ಬಿಡ್ತಿದೀರಿ?" ಎಂದರು ಅಮ್ಮ.

"ಏನಿಲ್ಲಮ್ಮ," ಎಂದಳು. "ನಾವಿಬ್ಬರೂ ಇಲ್ಲೇ ಇದೀವಿ."

ಅವನು ಗುಂಡಿ ಒತ್ತಿ ಅಲಾರಾಂ ನಿಲ್ಲಿಸಿದ. ಅದು ಕೂಗಿದ ಅವಧಿ ಚಾಪೆಯ ಪರದೆಯ ಮೇಲೆ ಮೂಡಿತು: 4.2 ಸೆಕೆಂಡ್.