ಮುಖ್ಯಸ್ಥರ ಎಡಗೆನ್ನೆ

ಗೂಡು ಖಾಲಿ!

ನಿನ್ನೆ ಸಂಜೆಯವರೆಗೂ ಐದು ಹಳದಿ ಬಾಯಿಗಳು ಜಗಳಾಡುತ್ತಿದ್ದ ಮಣ್ಣಿನ ಗೂಡು. ಇವತ್ತು ಬೆಳಿಗ್ಗೆ ಎಂಟಕ್ಕೆ ಚಿಂವ್ ಎನ್ನುವ ಸದ್ದೂ ಇಲ್ಲ. ತಾಯಿ ಅಂಬರಗುಬ್ಬಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಜಗಲಿಯ ಉದ್ದಕ್ಕೂ ಹಾರಾಡುತ್ತಿತ್ತು. ಉಣಿಸಲು ಬಾಯಿಗಳೇ ಇಲ್ಲ. ಊದುಬತ್ತಿ ಅಂಗಡಿಯ ಜುನ್-ಯೀ ಮೊಬೈಲನ್ನು ಕೋಲಿಗೆ ಕಟ್ಟಿ, ಮೇಲೆತ್ತಿ ಫೋಟೋ ತೆಗೆದ. ಒಳಗೆ ಒಂದು ಪುಕ್ಕವೂ ಇರಲಿಲ್ಲ.

ಅಂಬರಗುಬ್ಬಿ ಗೂಡು ಕಟ್ಟಿದ ಅಂಗಡಿಗೆ ಅದೃಷ್ಟ ಎಂದು ತೈನಾನ್ ಊರಿನ ಆ ಓಣಿ ನಂಬಿತ್ತು. ಅದೃಷ್ಟವೇ ಕಳುವಾದರೆ ಜನ ಸೇರದಿರುತ್ತಾರೆಯೇ? ಜನ ಸೇರಿದ ಮೇಲೆ ವಾರ್ಡ್ ಮುಖ್ಯಸ್ಥ ಕೋ ತಿಯನ್-ಬಿಂಗ್ ಬರದಿರುತ್ತಾರೆಯೇ?

ವಾರ್ಸಿನಿ ಗಾಲಿಕುರ್ಚಿಯ ಹಿಂದೆ ನಿಂತಿದ್ದಳು. ಜುನ್-ಯೀಯ ಎಂಬತ್ತನಾಲ್ಕರ ತಾಯಿ ಗಿಮ್-ಹುವಾರನ್ನು ನೋಡಿಕೊಳ್ಳಲು ಜಾವಾದಿಂದ ಬಂದು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಏನಾದರೂ ಕಳೆದುಹೋದರೆ ಮೊದಲು ಯಾರ ಚೀಲ ತಡಕುತ್ತಾರೆ ಎಂಬುದು, ಮನೆಮನೆಗಳಲ್ಲಿ ದುಡಿಯುವ ಅವಳಂಥ ಎಲ್ಲ ಹೆಂಗಸರಿಗೂ ಗೊತ್ತು. ಅವಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಇವಳೇ ಕಳ್ಳಿ!" ಮುಖ್ಯಸ್ಥರ ದನಿ ಓಣಿಯ ತುದಿಗೆ ಮುಟ್ಟಿತು. "ಬೆಳಿಗ್ಗೆ ಆರಕ್ಕೆ ನಾನೇ ಕಣ್ಣಾರೆ ಕಂಡೆ. ಸ್ಟೂಲ್ ಮೇಲೆ ನಿಂತು ಗೂಡಿನ ಹತ್ರ ಕೈ ಚಾಚಿದ್ಲು!"

"ಛತ್ರಿ ಕಟ್ತಿದ್ದೆ, ಸರ್," ಎಂದಳು ವಾರ್ಸಿನಿ. ಹಿಕ್ಕೆ ಊದುಬತ್ತಿಯ ಮೇಲೆ ಬೀಳದಂತೆ ಗೂಡಿನ ಕೆಳಗೆ ಹಳೆಯ ಛತ್ರಿಯೊಂದು ತಲೆಕೆಳಗಾಗಿ ತೂಗುತ್ತಿತ್ತು. "ಗಂಟು ಸಡಿಲ ಆಗಿತ್ತು. ಆಗಲೇ ಮರಿ ಸದ್ದು ಇರ್ಲಿಲ್ಲ. ಮಲಗಿವೆ ಅಂದ್ಕೊಂಡೆ."

"ಕೇಳಿದ್ರಾ! ದಿನಾ ಹಿಕ್ಕೆ ತೊಳೆದೂ ತೊಳೆದೂ ಇವಳಿಗೆ ಬೇಜಾರಾಗಿದೆ. ಮೇಲಾಗಿ ಇವರ ಕಡೆ ಹಕ್ಕಿಗಿಕ್ಕಿ ಎಲ್ಲಾ ತಿಂತಾರಂತೆ. ಜುನ್-ಯೀ, ಏಜೆಂಟಿಗೆ ಫೋನ್ ಮಾಡು. ವಾಪಸ್ ಕಳಿಸು. ಬೇರೆಯವಳು ಬರ್ತಾಳೆ."

ಜುನ್-ಯೀ ಫೋನನ್ನು ಕೈಯಲ್ಲಿ ಹೊರಳಿಸಿದ. ಒಂದೇ ಒಂದು ಕರೆ. ವಾರದೊಳಗೆ ವಿಮಾನ. ಹೆಸರಿನ ಮುಂದೆ 'ಕಳ್ಳಿ' ಎಂದು ಬರೆದುಬಿಟ್ಟರೆ ಯಾವ ಮನೆಯೂ ಮತ್ತೆ ಬಾಗಿಲು ತೆರೆಯುವುದಿಲ್ಲ.

"ಫೋನ್ ಜೇಬಲ್ಲಿಡು, ಮಗನೇ." ಗಿಮ್-ಹುವಾ ಬಿದಿರೆಲೆಯ ಕಡುಬು ಬಿಚ್ಚುತ್ತಿದ್ದರು. ದೋಣಿಹಬ್ಬ ಮೊನ್ನೆಯಷ್ಟೇ ಮುಗಿದು, ಹಬ್ಬದ ಕಡುಬು ಇನ್ನೂ ಉಳಿದಿತ್ತು. "ತಿಯನ್-ಬಿಂಗ್, ಹಕ್ಕಿ ತಿನ್ನೋರ ಮಾತು ಬಂತಲ್ಲ, ಹಬ್ಬದ ದಿನ ನಿನ್ನ ಹೊಟ್ಟೇಲಿ ಎಷ್ಟು ಬಾತುಕೋಳಿ ಈಜಿದ್ವು?"

ಓಣಿ ನಕ್ಕಿತು.

"ಚಿಕ್ಕಮ್ಮಾ, ಇದು ತಮಾಷೆ ಅಲ್ಲ!"

"ಅಲ್ಲ ಅಂತಲೇ ಕೇಳ್ತಿದೀನಿ. ಆ ಸ್ಟೂಲ್ ಹತ್ತು. ಗೂಡೊಳಗೆ ಕೈ ಹಾಕು."

"ನಾನಾ?"

"ಕಣ್ಣಾರೆ ಕಂಡೋನು ನೀನೇ ತಾನೇ? ಹೇಗೆ ಕದ್ಲು ಅಂತ ಮಾಡಿ ತೋರ್ಸು."

ಮುಖ್ಯಸ್ಥರು ಹತ್ತಿದರು. ಗೂಡಿನ ಅಂಚಿಗೂ ಮೇಲಿನ ತೊಲೆಗೂ ಮೂರು ಬೆರಳಷ್ಟೇ ಸಂದು. ಬೆರಳು ಹೋಯಿತು, ಅಂಗೈ ಹೋಗಲಿಲ್ಲ. ಸ್ವಲ್ಪ ಒತ್ತಿದರು. ಟಪ್! ಒಣಮಣ್ಣಿನ ಹೆಂಟೆಯೊಂದು ಛತ್ರಿಯೊಳಗೆ ಬಿತ್ತು.

"ಸಾಕು, ಇಳಿ. ಜುನ್-ಯೀ, ನೀನು ಬೆಳಿಗ್ಗೆ ಛತ್ರಿಯೊಳಗೆ ಇಣುಕಿದೆಯಲ್ಲ, ಏನಿತ್ತು?"

"ಬರೀ ಹಿಕ್ಕೆ, ಅಮ್ಮ."

"ಮಣ್ಣು?"

"ಇರ್ಲಿಲ್ಲ."

"ಪುಕ್ಕ? ಬೆಕ್ಕಿನ ಉಗುರು ಹರಿದ ಗುರುತು?"

"ಯಾವುದೂ ಇಲ್ಲ."

"ಹಾಗಾದ್ರೆ ಕೈ ಅಲ್ಲ, ಬೆಕ್ಕೂ ಅಲ್ಲ. ಮೂರು ಬೆರಳ ಸಂದಲ್ಲಿ ತಲೆ ತೂರಿಸಿ, ಚೂರು ಮಣ್ಣೂ ಉದುರಿಸದೆ, ಐದನ್ನೂ ಇಡಿಯಾಗಿ ನುಂಗೋ ಪ್ರಾಣಿ ಯಾವುದು?"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

"ಹಾವು? ಸಾಧ್ಯವೇ ಇಲ್ಲ!" ಮುಖ್ಯಸ್ಥರು ಎದೆಯುಬ್ಬಿಸಿದರು. "ಹಬ್ಬಕ್ಕೆ ಮನೆಮನೆ ಬಾಗಿಲಿಗೂ ಮಾಚಿಪತ್ರೆ, ಬಜೆ ಕಟ್ಟಿದೆ. ನಾನೇ ಹಂಚಿದ್ದು! ಆ ವಾಸನೆಗೆ ಹಾವು ಈ ಓಣಿಗೇ ಕಾಲಿಡಲ್ಲ."

"ಅದಕ್ಕೆ ಕಾಲೆಲ್ಲಿದೆಯೋ ಇಡೋಕೆ?" ಮುದುಕಿ ಕಡುಬಿನ ಎಲೆಯನ್ನು ನೆಕ್ಕಿದರು. "ಇಲ್ಲೇ ತಪ್ಪಿದ್ದು ಎಲ್ರೂ. ಸೊಪ್ಪು ಕಟ್ಟಿದೀವಿ, ಹಾವು ಬರಲ್ಲ. ಹಾವು ಬರಲ್ಲ ಅಂದ್ಮೇಲೆ ಮನುಷ್ಯರೇ. ಮನುಷ್ಯರು ಅಂದ್ಮೇಲೆ ಹೊರಗಿನೋಳು. ಎಷ್ಟು ಸಲೀಸು! ಸೊಪ್ಪು ಕಟ್ಟಿದ್ದು ಬಾಗಿಲಿಗೆ. ಬಾಗಿಲಿಂದಲೇ ಬಾ ಅಂತ ಹಾವಿಗೆ ನೋಟೀಸ್ ಕೊಟ್ಟಿದ್ಯಾ?"

"ಮತ್ತೆ ಎಲ್ಲಿಂದ ಬಂತು?"

"ನೀನೇ ಏಣಿ ಹಾಕಿ ಕರೆದೆಯಪ್ಪ!"

ಮುದುಕಿ ಬೆರಳು ತೋರಿದ ಕಡೆ ಎಲ್ಲರ ಕಣ್ಣೂ ಹೋಯಿತು. ಕಂಬದ ಬದಿಗೆ ಮುಖ್ಯಸ್ಥರ ಹಬ್ಬದ ಶುಭಾಶಯದ ಬ್ಯಾನರ್. ಆಳೆತ್ತರದ ನಗುಮುಖ. ಅದನ್ನು ಬಿಗಿದಿದ್ದ ಬಿದಿರಿನ ಗಳು ನೆಲದಿಂದ ನೇರ ತೊಲೆಗೇ ತಾಗಿತ್ತು. ಅಲ್ಲಿಂದ ಗೂಡಿಗೆ ಒಂದು ಮೊಳ.

"ದಿನಾ ಇಲ್ಲಿ ಕೂತು ನಿನ್ನ ಮುಖ ನೋಡೋದು ಬಿಟ್ರೆ ನನಗೆ ಬೇರೆ ಕೆಲಸ ಇಲ್ಲ," ಎಂದರು ಗಿಮ್-ಹುವಾ. "ನಿನ್ನೆವರೆಗೂ ಎರಡು ಕೆನ್ನೇನೂ ಒಂದೇ ಥರ ಇದ್ವು. ಇವತ್ತು ಎಡಗಡೆ ಊದಿದೆ, ಹಲ್ಲುನೋವು ಬಂದೋರ ಹಾಗೆ. ಗಾಳಿಗೆ ಉಬ್ಬಿದೆ ಅಂತ ನೀವೆಲ್ಲ ಸುಮ್ಮನಾದ್ರಿ. ಎಲ್ಲಿದೆ ಗಾಳಿ? ಊದುಬತ್ತಿ ಹೊಗೆ ನೆಟ್ಟಗೆ ಮೇಲೆ ಹೋಗ್ತಿದೆ!"

ಜುನ್-ಯೀ ಕೋಲಿನಿಂದ ಬ್ಯಾನರಿನ ಅಂಚನ್ನು ಮೆಲ್ಲಗೆ ಸರಿಸಿದ.

ಹಿಂದೆ, ಹಳೆಯ ಮೀಟರ್ ಪೆಟ್ಟಿಗೆಯ ಮೇಲೆ, ಆರಡಿಯ ಕೇರೆಹಾವು ಸುರುಳಿ ಸುತ್ತಿ ಮಲಗಿತ್ತು. ನಡು ದಪ್ಪಗೆ ಉಬ್ಬಿತ್ತು. ಬೆಳಕು ಬಿದ್ದದ್ದಕ್ಕೆ ನಾಲಿಗೆ ಚಾಚಿ, ಒಲ್ಲದ ಮನಸ್ಸಿನಿಂದ ಮೈ ಬಿಚ್ಚಿಕೊಂಡು ಚಾವಣಿಯತ್ತ ಹರಿಯಿತು. ಯಾರೋ ಪೊರಕೆ ಎತ್ತಿದರು.

"ಬಿಡ್ರೋ ಅದನ್ನ!" ಎಂದರು ಮುದುಕಿ. "ಹಸಿವಾಯ್ತು, ತಿಂತು. ತಿಂದಿದ್ದನ್ನ ಬೇರೆಯವರ ತಲೆಗಂತೂ ಕಟ್ಟಲಿಲ್ಲ."

ಮುಖ್ಯಸ್ಥರು ಬೆವರು ಒರೆಸಿಕೊಂಡರು. "ಆಯ್ತು ಬಿಡಿ ಚಿಕ್ಕಮ್ಮಾ, ತಪ್ಪು ತಿಳಿದ್ವಿ. ಬ್ಯಾನರ್ ಈಗಲೇ ಬಿಚ್ಚಿಸ್ತೀನಿ," ಎಂದು ಮುದುಕಿಗೆ ತಲೆಬಾಗಿದರು.

"ನನ್ನನ್ನ ಯಾರಪ್ಪ ಕಳ್ಳಿ ಅಂದ್ರು?" ಎಂದರು ಗಿಮ್-ಹುವಾ.

ಮುಖ್ಯಸ್ಥರು ವಾರ್ಸಿನಿಯತ್ತ ತಿರುಗಿದರು. ಬಾಯಿ ತೆರೆದರು, ನಿಂತರು. ನಾಲ್ಕು ವರ್ಷದಿಂದ ದಿನಾ ಎದುರಾಗುವ ಹೆಂಗಸಿನ ಹೆಸರು ಅವರಿಗೆ ಗೊತ್ತಿರಲಿಲ್ಲ.

"ವಾರ್ಸಿನಿ," ಎಂದಳು ಅವಳೇ.

"ವಾರ್ಸಿನಿ... ತಪ್ಪಾಯ್ತಮ್ಮ." ಪಿಸುಮಾತು.

ಅವಳು ಕುರ್ಚಿಯ ಹಿಡಿ ಬಿಟ್ಟು ಮುಂದೆ ಬಂದಳು. ತುಟಿಯಂಚಿನಲ್ಲಿ ನಗುವಿತ್ತು.

"ಜೋರಾಗಿ ಹೇಳಿ, ಸರ್. ಕಳ್ಳಿ ಅಂದಿದ್ದು ಓಣಿ ತುದಿವರೆಗೂ ಕೇಳಿದೆ. ಇದೂ ಅಲ್ಲಿವರೆಗೆ ಹೋಗ್ಲಿ."