ಹದಿಮೂರು ಪರ್ಸೆಂಟ್ ರಿಯಾಯಿತಿ

ಅವರೊಂದಿಗೆ ನಾನಾಡಿದ ಮೊದಲ ಮಾತೇ ಬೈಗುಳ.

"ನಿಮ್ಮ ಟೆಂಪ್ಲೇಟ್ ನನ್ನನ್ನ ಕಳ್ಳಿ ಮಾಡಿಬಿಡ್ತು ಕಣ್ರೀ!" ಎಂದು ಫೋನಿನಲ್ಲಿ ಕೂಗಾಡಿದ್ದೆ.

ನಮ್ಮ ಸೋದರತ್ತೆ ಮರದ ಬಟನ್ ಮಾಡುತ್ತಾಳೆ. ಆನ್‌ಲೈನಿನಲ್ಲಿ ಮಾರುವುದು ನನ್ನ ಪಾಲಿನ ಕೆಲಸ. ಬೆಲೆ ತೋರಿಸಿ ಬಿಲ್ಲು ಹಾಕುವ ಸಿದ್ಧ ಪುಟವೇ ಆ ಟೆಂಪ್ಲೇಟ್, ದುಡ್ಡು ಕೊಟ್ಟು ತಂದದ್ದು. ಹದಿನೈದು ಪರ್ಸೆಂಟ್ ರಿಯಾಯಿತಿ ಹಾಕಿದ್ದೆ. ಅರವತ್ತೈದು ರೂಪಾಯಿಯ ಬಟನ್ ಡಬ್ಬಿಗೆ ಪುಟದಲ್ಲಿ ಐವತ್ತೈದು ಎಂದಿತ್ತು. ಎರಡು ಡಬ್ಬಿ ಕೊಂಡರೆ ಬಿಲ್ಲಿನಲ್ಲಿ ನೂರಾ ಹನ್ನೊಂದು! ಗಿರಾಕಿಯೊಬ್ಬರು ಆಡಬಾರದ ಮಾತೆಲ್ಲ ಆಡಿದ್ದರು.

ಗಂಟೆಯೊಳಗೆ ಆ ಟೆಂಪ್ಲೇಟ್ ಮಾಡಿದವರು ಅತ್ತೆಯ ಅಂಗಡಿ ಬಾಗಿಲಲ್ಲಿ ನಿಂತಿದ್ದರು.

"ಕಳ್ಳಿ ಯಾರು?"

ಅತ್ತೆ ಸುಮ್ಮನೆ ನನ್ನತ್ತ ಬೆರಳು ತೋರಿಸಿದಳು. ಅಯ್ಯೋ, ಆಗ ಅವರು ನಕ್ಕ ನಗು! ಮೊದಲು ಕಣ್ಣು, ಆಮೇಲೆ ತುಟಿ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಿಟಕಿ ಪಕ್ಕ ಕೂತು ವಿವರಿಸಿದರು. "ಸರಿಯಾದ ಬೆಲೆ ಐವತ್ತೈದೂ ಕಾಲು. ಪುಟ ಆ ಕಾಲನ್ನ ಬಿಟ್ಟು ತೋರಿಸ್ತಿದೆ. ಬಿಲ್ಲು ಎರಡು ಕಾಲು ಸೇರಿಸಿ ಅರ್ಧ ಮಾಡ್ಕೊಂಡು, ಮೇಲಿನ ಸಂಖ್ಯೆಗೆ ಏರಿಸ್ತಿದೆ. ಮೊದಲು ಒಂದು ಡಬ್ಬಿ ಬೆಲೆನ ಪೂರ್ತಿ ರೂಪಾಯಿ ಮಾಡಿ, ಆಮೇಲೆ ಗುಣಿಸಬೇಕು. ಅಷ್ಟೇ."

ಅವರ ಅಂಗಿಯ ತೋಳಿನಲ್ಲಿ ಒಂದು ಬಟನ್ ಇರಲಿಲ್ಲ. ನನಗೆ ಕಂಡಿದ್ದು ಅದೊಂದೇ.

ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅವರು ಹೋದ ಮೇಲೆ ಕಿಟಕಿಯ ಬಿಸಿಲು ಕೂಡ ಸಪ್ಪೆ ಅನ್ನಿಸಿತು. ಮಾರನೆಯ ದಿನ ಹದಿಮೂರು ಪರ್ಸೆಂಟ್ ಹಾಕಿ ಫೋನ್ ಮಾಡಿದೆ. "ಮತ್ತೆ ಕೆಟ್ಟಿದೆ."

ಬಂದು ನೋಡಿದರು. "ಐವತ್ತೇಳು, ಎರಡಕ್ಕೆ ನೂರಾ ಹದಿನಾಲ್ಕು. ಸರಿಯಾಗೇ ಇದೆಯಲ್ಲಾ?"

"ಹೌದಾ? ಆಗ ಹಾಗಿರಲಿಲ್ಲಪ್ಪ."

ಮುಂದಿನ ವಾರ ಹದಿನೇಳು. ಅದರ ಮುಂದಿನ ವಾರ ಏಳು. ಪ್ರತಿ ಸಲವೂ ಲೆಕ್ಕ ಸರಿಯಿತ್ತು. ಪ್ರತಿ ಸಲವೂ ಅವರು ಸ್ವಲ್ಪ ಹೆಚ್ಚು ಹೊತ್ತು ಕೂತರು.

ನಾಲ್ಕನೆಯ ಸಲ, ಮತ್ತೆ ಹದಿಮೂರು ಹಾಕಿ ಕರೆದ ದಿನ, ಅವರು ನಗಲಿಲ್ಲ. "ಇವತ್ತೇ ಕೊನೆ. ನಾಳೆಯಿಂದ ನಿಮ್ಮ ಅಂಗಡಿ ಟೆಂಪ್ಲೇಟ್ ಬೇರೆಯವರು ನೋಡ್ಕೋತಾರೆ."

ಇವತ್ತು ಹೇಳದಿದ್ದರೆ ಇನ್ನು ಕರೆಯಲು ನೆವವೂ ಇಲ್ಲ.

"ಒಂದು ಸುಳ್ಳು ಹೇಳಿದ್ದೆ..." ಎಂದೆ.

"ಗೊತ್ತು. ನೀವು ಮಾಡಿದ ಬದಲಾವಣೆಯೆಲ್ಲಾ ಟೈಮ್ ಸಮೇತ ಟೆಂಪ್ಲೇಟಿನಲ್ಲೇ ಬರೆದಿರುತ್ತೆ. ಹನ್ನೊಂದು ಗಂಟೆಗೆ ಹದಿಮೂರು ಪರ್ಸೆಂಟ್, ಹನ್ನೊಂದು ದಾಟಿ ಎರಡು ನಿಮಿಷಕ್ಕೆ ನನಗೆ ಫೋನ್. ಯಾವ ಅಂಗಡಿಯವರು ಹದಿಮೂರು ಪರ್ಸೆಂಟ್ ಬಿಡ್ತಾರೆ ರೀ?"

ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ಯಾಕೆ ಬಂದ್ರಿ?"

ಅವರು ಬಟನ್ ಇಲ್ಲದ ತೋಳನ್ನು ಮಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು. "ಟೆಂಪ್ಲೇಟ್ ಸರಿಮಾಡೋಕೆ ಅಂಗಡಿಗೆ ಬರಬೇಕಾಗೇ ಇಲ್ಲ. ಮೊದಲನೇ ದಿನಾನೂ ಬರಬೇಕಾಗಿರಲಿಲ್ಲ. ಮನೇಲೇ ಕೂತು ಮಾಡಬಹುದು. ಬೈದ ದನಿ ಯಾರದು ಅಂತ ನೋಡಬೇಕು ಅನ್ನಿಸ್ತು, ಎರಡು ಬಸ್ ಬದಲಾಯಿಸಿ ಬಂದೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ನಾಳೆ ಏನೂ ಕೆಟ್ಟಿರಲ್ಲ," ಎಂದೆ. "ಆದ್ರೂ ಬರ್ತೀರಾ?"

"ಬರ್ತೀನಿ."

ಒಳಗಿನಿಂದ ಅತ್ತೆಯ ದನಿ ಕೇಳಿತು. "ಬರ್ಲಿ, ಬರ್ಲಿ! ನೀನು ಮೊದಲು ಆ ಹದಿಮೂರು ಪರ್ಸೆಂಟ್ ತೆಗಿಯೇ ತಾಯಿ!"